ಕಂಟೋನ್ಮೆಂಟಿನ ಬೀಫ್ ಊಟ: ಸಿಪಾಯಿ ರೇಷನ್‌ನಿಂದ ಸ್ನೇಹಿತರ ತಟ್ಟೆಗೆ

ಇವತ್ತು ನಮ್ಮ ಬೆಂಗಳೂರಿನ ಒಂದು ಊಟದ ಕಥೆ ಹೇಳ್ತೀನಿ. ಶಿವಾಜಿನಗರ, ಹಲಸೂರು, ಫ್ರೇಜರ್ ಟೌನ್ ಕಡೆ ಭಾನುವಾರ ಸ್ನೇಹಿತರ ಮನೆಗೆ ಹೋದ್ರೆ ಎಷ್ಟೋ ಕಡೆ ತಟ್ಟೆಗೆ ಬೀಫ್ ಬೀಳುತ್ತೆ. ‘ಇದೆಲ್ಲ ಈಚೆಗೆ ಬಂದಿದ್ದು’ ಅನ್ನೋರನ್ನ ನೋಡಿದೀನಿ. ಇತಿಹಾಸ ಬೇರೆ ಕಥೆ ಹೇಳುತ್ತೆ.

1809ಕ್ಕೆ ಹೋಗೋಣ. ಶ್ರೀರಂಗಪಟ್ಟಣದಲ್ಲಿ ಜ್ವರದ ಕಾಟ. ಬ್ರಿಟಿಷರು ತಮ್ಮ ಪಡೆಯನ್ನು ಅಲ್ಲಿಂದ ಎಬ್ಬಿಸಿ ಹಲಸೂರಿನ ಪಕ್ಕದ ಬಯಲಿಗೆ ತಂದರು. ಅದೇ ಕಂಟೋನ್ಮೆಂಟ್. ಬಿಳಿ ಸಿಪಾಯಿಯ ರೇಷನ್‌ನಲ್ಲಿ ದನದ ಮಾಂಸ ಇರುತ್ತಿತ್ತು. ಅದನ್ನು ಒದಗಿಸಲು ಕಟುಕರು ಬೇಕು, ಮಾರುಕಟ್ಟೆ ಬೇಕು. ಇಂದಿನ ಶಿವಾಜಿನಗರಕ್ಕೆ ಆಗ ಬ್ಲ್ಯಾಕ್‌ಪಲ್ಲಿ ಅಂತ ಹೆಸರು. ಸೇನೆಯ ಬೆನ್ನಿಗೆ ತಮಿಳು ಕೆಲಸಗಾರರು, ದಖನಿ ಮಾತಾಡುವ ಮುಸ್ಲಿಮರು ಬಂದು ಸೇರಿದರು. ಆಂಗ್ಲೋ ಇಂಡಿಯನ್ ಕುಟುಂಬಗಳು ಇಲ್ಲೇ ಬೆಳೆದವು.

ಹಾಗಂತ ಬೀಫನ್ನು ಸೇನೆಯೇ ತಂದಿತು ಅಂತ ತಿಳ್ಕೋಬೇಡಿ. ಹಳ್ಳಿಗಳಲ್ಲಿ ದಲಿತರು ಅದಕ್ಕೂ ಮೊದಲೇ ತಿನ್ನುತ್ತಿದ್ದರು. ಸತ್ತ ದನ ಹೊರುವ ಕೆಲಸವನ್ನು ಜಾತಿ ಅವರ ಹೆಗಲಿಗೆ ಹಾಕಿತ್ತು. ಆ ಮಾಂಸ ತಿಂದಿದ್ದಕ್ಕೆ ಅದೇ ಊರು ಅವರನ್ನು ಹೊರಗಿಟ್ಟಿತ್ತು. ಕಂಟೋನ್ಮೆಂಟಿನಲ್ಲಿ ಬದಲಾಗಿದ್ದು ಇಷ್ಟು: ಕೈಯಲ್ಲಿ ಕಾಸಿದ್ದರೆ ಯಾರು ಬೇಕಾದ್ರೂ ಅಂಗಡಿಗೆ ಹೋಗಿ ತಾಜಾ ಮಾಂಸ ತೂಗಿಸಿಕೊಂಡು ಬರಬಹುದಿತ್ತು. ನನಗೆ ಇದು ಸಣ್ಣ ವಿಷಯ ಅನ್ನಿಸಲ್ಲ.

1881ರಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಬಂತು. ಕಂಟೋನ್ಮೆಂಟ್ ಮಾತ್ರ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಆಗಿ 1947ರವರೆಗೆ ಬ್ರಿಟಿಷರ ಬಳಿಯೇ ಉಳಿಯಿತು. ಪೇಟೆ ಮತ್ತು ಕಂಟೋನ್ಮೆಂಟ್ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಅಷ್ಟು ಕಾಲ ಬೇರೆ ಬೇರೆ ಇದ್ದ ಎರಡು ಊರಿನ ಊಟವೂ ಬೇರೆ ಬೇರೆಯಾಗೇ ಬೆಳೆಯಿತು. ಆಂಗ್ಲೋ ಇಂಡಿಯನ್ ಮನೆಯಲ್ಲಿ ತೆಂಗಿನ ಹಾಲಿನ ಹಳದಿ ಅನ್ನ, ಕೈಮಾ ಉಂಡೆಯ ಬಾಲ್ ಕರಿ. ಮುಸ್ಲಿಂ ಮನೆಯಲ್ಲಿ ‘ಬಡೇ ಕಾ ಗೋಶ್ತ್’ ಬಿರಿಯಾನಿ. ತಮಿಳು ಮನೆಯಲ್ಲಿ ಉಪ್ಪು ಹಚ್ಚಿ ಒಣಗಿಸಿದ ಉಪ್ಪುಕಂಡ.

ಈಗ ಕಾನೂನಿಗೆ ಬರೋಣ. 1964ರ ಕಾಯ್ದೆ ಹಸು ಮತ್ತು ಕರುಗಳ ವಧೆ ನಿಷೇಧಿಸಿತು. 12 ವರ್ಷ ದಾಟಿದ ಎತ್ತು, ಎಮ್ಮೆ, ಕೋಣಕ್ಕೆ ಸರ್ಟಿಫಿಕೇಟ್ ಇದ್ದರೆ ಅವಕಾಶ ಇತ್ತು. ಹೊಸ ಮಸೂದೆ 2020ರ ಡಿಸೆಂಬರ್‌ನಲ್ಲಿ ವಿಧಾನಸಭೆ ದಾಟಿತು. 2021ರ ಜನವರಿಯಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂತು, ಫೆಬ್ರುವರಿಯಲ್ಲಿ ವಿಧಾನ ಪರಿಷತ್ತೂ ಒಪ್ಪಿತು. ಈಗ ಎತ್ತೂ ಇಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ಮೊದಲು ಹೆಚ್ಚೆಂದರೆ 6 ತಿಂಗಳಿದ್ದ ಜೈಲು ಶಿಕ್ಷೆ 3ರಿಂದ 7 ವರ್ಷಕ್ಕೆ ಏರಿತು. 1,000 ರೂಪಾಯಿ ಇದ್ದ ದಂಡ ಈಗ 50,000ದಿಂದ ಶುರು.

ಅಡುಗೆಮನೆಯಲ್ಲಿ ಇದರ ಅರ್ಥ ಏನು? ವಯಸ್ಸಾದ ಎಮ್ಮೆ ಮಾಂಸ ಬೇಗ ಬೇಯಲ್ಲ. ನನ್ನ ಹಲಸೂರಿನ ಗೆಳತಿಯ ಅಮ್ಮ ಅದಕ್ಕೆ ಪರಂಗಿಕಾಯಿ ತುರಿದು ಹಚ್ಚಿ, ಕುಕ್ಕರ್‌ಗಿಟ್ಟು ವಿಷಲ್ ಎಣಿಸ್ತಾರೆ. ಅವರ ಮನೆ ಊಟಕ್ಕೆ ಒಂದು ನಿಯಮ ಇದೆ: ಬಡಿಸೋ ಮುಂಚೆ ಏನು ಮಾಂಸ ಅಂತ ಹೇಳಬೇಕು. ತಿನ್ನದವರಿಗೆ ಬೇರೆ ಪಾತ್ರೆ, ಬೇರೆ ಸೌಟು, ಬೇಳೆ ಸಾರು. ‘ಒಂದು ತುತ್ತು ನೋಡು’ ಅಂತ ಬಲವಂತ ಇಲ್ಲ. ‘ಛೀ’ ಅನ್ನೋ ಹಾಗೂ ಇಲ್ಲ.

ಇದೇ ಗೆಳತಿ ಬಾಡಿಗೆ ಮನೆ ಹುಡುಕುವಾಗ ಮಾತ್ರ ಊಟದ ಮಾತೇ ಎತ್ತಲ್ಲ. ಆಫೀಸಿಗೆ ತಂದ ಡಬ್ಬಿ ಬಿಚ್ಚುವಾಗ ‘ಮಟನ್’ ಅಂತಾಳೆ. ಎಮ್ಮೆ ಮಾಂಸ ತಿಂದರೂ, ಕಾನೂನಿನೊಳಗೇ ಇದ್ದರೂ, ಹೆಸರು ಹೇಳೋಕೆ ಭಯ. ಮನೆಯ ನಿಯಮಕ್ಕೂ ಡಬ್ಬಿಯ ಸುಳ್ಳಿಗೂ ನಡುವೆ ಇರೋದು ಎದುರಿಗೆ ಕೂತವರ ಮೇಲಿನ ನಂಬಿಕೆ ಅಷ್ಟೇ. ಎರಡು ಶತಮಾನದಿಂದ ಈ ಊರಲ್ಲಿರೋ ಊಟಕ್ಕೆ ಅದರ ಹೆಸರು ಹೇಳೋವಷ್ಟು ಜಾಗ ನಾವು ಕೊಡಬಹುದು. ತಿನ್ನೋದು ಬಿಡೋದು ನಿಮ್ಮಿಷ್ಟ.

ನಿಮ್ಮ ಏರಿಯಾದ ಊಟದ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.