ತಟ್ಟೆಯ ಮೇಲಿನ ಹೆಸರು

ನಾನು ಹೈಸ್ಕೂಲು ಓದಿದ್ದು ಒಂದು ಉಚಿತ ಹಾಸ್ಟೆಲಿನಲ್ಲಿದ್ದುಕೊಂಡು. ಅಲ್ಲಿ ಗೋಡೆಯ ಕಲ್ಲಿನ ಮೇಲಷ್ಟೇ ಅಲ್ಲ, ಫ್ಯಾನಿನ ರೆಕ್ಕೆ, ಊಟದ ತಟ್ಟೆಗಳ ಮೇಲೂ ದಾನಿಗಳ ಹೆಸರಿತ್ತು. ಅನ್ನ ಮುಗಿಯುತ್ತ ಬಂದಂತೆ ತಟ್ಟೆಯ ತಳದಲ್ಲಿ ಯಾರದೋ ಹೆಸರು ಕಾಣಿಸುತ್ತಿತ್ತು. 'ಕೊಟ್ಟಿದ್ದು ಹೆಸರಿಗೆ, ನಮಗಲ್ಲ' ಎಂದು ನಗುತ್ತಿದ್ದೆವು. ಈಗ ಪಿಎಚ್.ಡಿ.ಗಾಗಿ ನೀತಿಶಾಸ್ತ್ರದ ಚರಿತ್ರೆ ಓದುವಾಗ ಆ ನಗು ಮತ್ತೆ ಮತ್ತೆ ನೆನಪಾಗುತ್ತದೆ.

ಹದಿನೇಳನೆಯ ಶತಮಾನದ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ ದಾರ್ಶನಿಕ ಥಾಮಸ್ ಹಾಬ್ಸ್ ಒಬ್ಬ ರೋಗಿಷ್ಠ ಮುದುಕನಿಗೆ ಆರು ಪೆನ್ಸ್ ಭಿಕ್ಷೆ ಹಾಕಿದ. ಪಕ್ಕದಲ್ಲಿದ್ದ ಪಾದ್ರಿ, ಕ್ರಿಸ್ತನ ಆಜ್ಞೆ ಇರದಿದ್ದರೂ ಕೊಡುತ್ತಿದ್ದೆಯಾ ಎಂದು ಕೇಳಿದ. ಹೌದು ಎಂದ ಹಾಬ್ಸ್. ಮುದುಕನ ಪಾಡು ನೋಡಿ ತನಗೇ ಸಂಕಟವಾಯಿತು, ಭಿಕ್ಷೆ ಅವನ ಜೊತೆಗೆ ತನ್ನ ಸಂಕಟವನ್ನೂ ಕಡಿಮೆ ಮಾಡಿತು ಎಂಬುದು ಅವನ ವಿವರಣೆ. ಇದನ್ನು ಬರೆದಿಟ್ಟವನು ಅವನ ಗೆಳೆಯ ಜಾನ್ ಆಬ್ರಿ.

ಹಾಬ್ಸ್‌ನನ್ನು ಬರೀ ಸಿನಿಕ ಎಂದುಕೊಂಡರೆ ಅವನ ಕಾಲವನ್ನು ಮರೆತಂತಾಗುತ್ತದೆ. 1642ರಲ್ಲಿ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ಶುರುವಾದಾಗ ಎರಡೂ ಕಡೆಯವರು ದೇವರ ಹೆಸರಿನಲ್ಲೇ ಕತ್ತಿ ಹಿರಿದರು. ಪರಸ್ಪರ ಕೊಲ್ಲುವವರೂ ಒಪ್ಪಬಹುದಾದ ಒಂದು ತಳಪಾಯ ಬೇಕಿತ್ತು. 1651ರ 'ಲೆವಿಯಾಥನ್'ನಲ್ಲಿ ಹಾಬ್ಸ್ ಅದನ್ನು ಸಾವಿನ ಭಯದಲ್ಲಿ, ಬದುಕುವ ಆಸೆಯಲ್ಲಿ ಕಂಡುಕೊಂಡ. ಸ್ವಹಿತ ಅವನಿಗೆ ಶಾಂತಿಯ ದಾರಿಯಾಗಿತ್ತು.

ಹಾಲೆಂಡಿನಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ ವೈದ್ಯ ಬರ್ನಾರ್ಡ್ ಮ್ಯಾಂಡೆವಿಲ್ ಈ ವಾದವನ್ನು ಬೇರೆಡೆಗೆ ಎಳೆದ. 1705ರ ಅವನ ಪದ್ಯದಲ್ಲಿ ಜೇನುಗೂಡೊಂದು ದುರಾಸೆ, ಆಡಂಬರಗಳಿಂದಲೇ ಸಮೃದ್ಧವಾಗಿರುತ್ತದೆ. ಜೇನುಗಳು ಪ್ರಾಮಾಣಿಕವಾದೊಡನೆ ವ್ಯಾಪಾರ ಕುಸಿಯುತ್ತದೆ. ಇದನ್ನು ಅವನು 1714ರಲ್ಲಿ ಟಿಪ್ಪಣಿಗಳೊಡನೆ ಪುಸ್ತಕವಾಗಿಸಿದ. 1723ರ ಆವೃತ್ತಿಗೆ ಬಡಮಕ್ಕಳ ಧರ್ಮಶಾಲೆಗಳ ವಿರುದ್ಧ ಒಂದು ಪ್ರಬಂಧ ಸೇರಿಸಿದ. ದಾನಿಗಳನ್ನು ಕುಣಿಸುವುದು ಒಣಜಂಭ, ಬಡವರು ಓದಿದರೆ ಕಷ್ಟದ ಕೂಲಿ ಯಾರು ಮಾಡುತ್ತಾರೆ ಎಂಬುದು ಅದರ ತಿರುಳು. ಅದೇ ವರ್ಷ ಮಿಡ್ಲ್‌ಸೆಕ್ಸ್‌ನ ಗ್ರ್ಯಾಂಡ್ ಜ್ಯೂರಿ ಪುಸ್ತಕವನ್ನು ಸಾರ್ವಜನಿಕ ಉಪದ್ರವವೆಂದು ದೂರಿತು.

ಇದನ್ನು ಓದಿದ ದಿನ ನನಗೆ ಬೇರೇನೂ ಓದಲಾಗಲಿಲ್ಲ. ಅವನು ಬೇಡವೆಂದ ಮಕ್ಕಳ ಸಾಲಿನಲ್ಲಿ ನಾನೂ ಇದ್ದೆ. ದಾನಿಗಳ ಬಗ್ಗೆ ಅವನು ಹೇಳಿದ್ದನ್ನೇ ನಾವೂ ತಟ್ಟೆ ಹಿಡಿದು ಹೇಳಿದ್ದೆವು.

ಇದಕ್ಕೆ ಉತ್ತರ ಸಿಕ್ಕಿದ್ದು ಜೋಸೆಫ್ ಬಟ್ಲರ್ ಎಂಬ ಪಾದ್ರಿಯ 1726ರ ಉಪದೇಶಗಳಲ್ಲಿ. ಹಸಿದವನು ಬಯಸುವುದು ಅನ್ನವನ್ನು. ಉಂಡ ಸುಖ ಆಮೇಲೆ ಬರುವಂಥದ್ದು, ಹಸಿವೇ ಇರದಿದ್ದರೆ ಆ ಸುಖವೂ ಇಲ್ಲ. ಇದನ್ನು ಹಾಬ್ಸ್‌ನ ಭಿಕ್ಷೆಗೆ ಅನ್ವಯಿಸಿ ನೋಡಿ. ಮುದುಕನ ನೋವು ಮೊದಲು ತಟ್ಟದೇ ಹೋಗಿದ್ದರೆ ಹಾಬ್ಸ್‌ಗೆ ಕಳೆದುಕೊಳ್ಳಲು ಸಂಕಟವೇ ಇರುತ್ತಿರಲಿಲ್ಲ. ಬರೀ ತನ್ನ ಸಂಕಟವೇ ಮುಖ್ಯವಾಗಿದ್ದರೆ ಆಚೆ ಮುಖ ತಿರುಗಿಸಿ ನಡೆಯಬಹುದಿತ್ತು. ಆರು ಪೆನ್ಸ್ ಉಳಿಯುತ್ತಿತ್ತು. ಕೊಟ್ಟವನಿಗೆ ನೆಮ್ಮದಿಯಾಯಿತು ಎಂಬುದರಿಂದ ನೆಮ್ಮದಿಗಾಗಿಯೇ ಕೊಟ್ಟ ಎಂದು ತೀರ್ಮಾನಿಸಲಾಗದು.

ಸ್ವಹಿತದ ವಕ್ತಾರನೆಂದೇ ಹೆಸರಾದ ಆಡಂ ಸ್ಮಿತ್ ಕೂಡ 1759ರಲ್ಲಿ ಮ್ಯಾಂಡೆವಿಲ್‌ನನ್ನು ತಿದ್ದಿದ. ಹೊಗಳಿಕೆ ಬಯಸುವುದು ಬೇರೆ, ಹೊಗಳಿಕೆಗೆ ಅರ್ಹರಾಗಬೇಕೆಂದು ಬಯಸುವುದು ಬೇರೆ ಎಂದ. ತಟ್ಟೆಯ ಮೇಲೆ ಹೆಸರು ಕೆತ್ತಿಸಿದವರಲ್ಲಿ ಈ ಎರಡೂ ಇದ್ದಿರಬಹುದು. ಸ್ವಹಿತದ ಮೇಲೆ ಒಪ್ಪಂದಗಳನ್ನು ಕಟ್ಟಬಹುದು, ಮಾರುಕಟ್ಟೆ ನಡೆಸಬಹುದು. ಆದರೆ ಮನುಷ್ಯರ ಎಲ್ಲ ನಡೆಗೂ ಅದೊಂದೇ ಕಾರಣ ಎಂದಾಗ ನನಗೆ ಅಡುಗೆಯ ಅಕ್ಕ ನೆನಪಾಗುತ್ತಾರೆ. ಬಸ್ಸು ತಪ್ಪಿ ತಡವಾಗಿ ಬಂದ ರಾತ್ರಿಗಳಲ್ಲಿ ಅವರು ನನಗಾಗಿ ಅನ್ನ ಮುಚ್ಚಿಟ್ಟಿರುತ್ತಿದ್ದರು. ಅವರ ಹೆಸರು ಯಾವ ತಟ್ಟೆಯ ಮೇಲೂ ಇರಲಿಲ್ಲ.