ಎಫ್/2.8 ಇದ್ದರಷ್ಟೇ ಹಿನ್ನೆಲೆ ಮಸುಕಾಗುತ್ತದೆಯೇ?

ಮುಖಚಿತ್ರಕ್ಕೂ ನಿಸರ್ಗದ ಚಿತ್ರಕ್ಕೂ ಒಂದೇ ಜೂಮ್ ಲೆನ್ಸ್ ಸಾಕು ಎಂದುಕೊಂಡವರ ಮುಂದೆ ಸಾಮಾನ್ಯವಾಗಿ ಬರುವುದು ಎರಡು ಆಯ್ಕೆ: 24-70 ಮಿ.ಮೀ. ಎಫ್/2.8 ಮತ್ತು 24-105 ಮಿ.ಮೀ. ಎಫ್/4. ಹಿನ್ನೆಲೆ ಚೆನ್ನಾಗಿ ಮಸುಕಾಗಬೇಕಾದರೆ ದುಬಾರಿಯಾದ ಮೊದಲನೆಯದೇ ಬೇಕು ಎಂಬ ನಂಬಿಕೆ ಇದೆ. ಲೆಕ್ಕ ಹಾಕಿ ನೋಡೋಣ.

ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ವ್ಯಾಸ ಸಿಗುತ್ತದೆ. 70ನ್ನು 2.8ರಿಂದ ಭಾಗಿಸಿದರೆ 25 ಮಿ.ಮೀ.; 105ನ್ನು 4ರಿಂದ ಭಾಗಿಸಿದರೆ 26ಕ್ಕೂ ತುಸು ಹೆಚ್ಚು. ಚೌಕಟ್ಟಿನಲ್ಲಿ ಮುಖದ ಅಳತೆ ಒಂದೇ ಇದ್ದರೆ ದೂರದ ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಎಂಬುದನ್ನು ನಿರ್ಧರಿಸುವುದು ಈ ವ್ಯಾಸವೇ. ಅಂದರೆ ಎರಡೂ ಹೆಚ್ಚುಕಡಿಮೆ ಸಮ. ಜೊತೆಗೆ 105ರಲ್ಲಿ ತೆಗೆಯುವಾಗ ನೀವು ಹಿಂದೆ ಸರಿದು ನಿಲ್ಲುತ್ತೀರಿ, ಮೂಗು ದಪ್ಪಗೆ ಕಾಣುವುದಿಲ್ಲ. (ಮೂಗನ್ನು ಊದಿಸುವುದು ಲೆನ್ಸಲ್ಲ, ತೀರಾ ಹತ್ತಿರ ನಿಲ್ಲುವ ನಾವು!)

ಬೆಟ್ಟ-ಕಣಿವೆಗಳನ್ನು ಹಗಲಲ್ಲಿ ಹೇಗೂ ಎಫ್/8, ಎಫ್/11ರಲ್ಲಿ ತೆಗೆಯುತ್ತೇವೆ, ಅಲ್ಲಿ 2.8 ಬರೀ ಹೊರೆ. ಆದರೆ ಮಂದ ಬೆಳಕಿನ ಮದುವೆ ಮನೆಯಲ್ಲಿ ಓಡಾಡುವವರನ್ನು ಸೆರೆಹಿಡಿಯಬೇಕಿದ್ದರೆ ಎಫ್/4ಕ್ಕಿಂತ ಎಫ್/2.8 ಎರಡು ಪಟ್ಟು ಬೆಳಕು ಒಳಬಿಡುತ್ತದೆ. ಅಂಥವರಿಗೆ ಆ ದುಡ್ಡು ಸಾರ್ಥಕ.

ಇದೆಲ್ಲ ಫುಲ್ ಫ್ರೇಮ್ ಕ್ಯಾಮೆರಾದ ಮಾತು. ಎಪಿಎಸ್-ಸಿ ಸೆನ್ಸರ್‌ನಲ್ಲಿ 24 ಮಿ.ಮೀ. ಸುಮಾರು 36ರಷ್ಟೇ ನೋಟ ಕೊಡುತ್ತದೆ, ವಿಶಾಲ ದೃಶ್ಯದ ಅಂಚು ಕತ್ತರಿಸಿಹೋಗುತ್ತದೆ. ಅದಕ್ಕೆ 16 ಅಥವಾ 17ರಿಂದ ಶುರುವಾಗುವ ಜೂಮ್ ಹುಡುಕಿ.