ಬೆಂಕಿ ರೋಗ

ಗುಬ್ಬಿ, ಕುಣಿಗಲ್ ಕಡೆ ರಾಗಿ ತೆನೆ ಕಟ್ಟುವ ಹೊತ್ತಿಗೆ ಸೋನೆ ಹಿಡಿದರೆ ರೈತರ ಬಾಯಲ್ಲಿ ಈ ಹೆಸರು. ‘ಬೇ’ ಎಂಬ ಧಾತುವಿನಿಂದಲೇ ಬೆಂದ, ಬೇಗೆ, ಬೆಂಕಿ. ಇಲ್ಲಿ ಸುಡುವುದು ಮಾತ್ರ ಒಂದು ಶಿಲೀಂಧ್ರ, ಅದೂ ತಂಪು ಹವೆಯಲ್ಲಿ! ಮೊದಲು ಎಲೆಯ ಮೇಲೆ ಕದಿರಿನಾಕಾರದ ಚುಕ್ಕೆ: ಅಂಚು ಕಂದು, ನಡುವೆ ಬೂದಿ ಬಣ್ಣ. ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡರೆ ಪೈರು ಸುಟ್ಟಂತೆಯೇ ಕಾಣುತ್ತದೆ. ತೆಲುಗರಿಗೂ ಹಾಗೇ ಕಂಡಿರಬೇಕು, ಅವರದು ‘ಅಗ್ಗಿ ತೆಗುಲು’.

‘ಕುತ್ತಿಗೆ ಬೆಂಕಿ’ ಇನ್ನೂ ಕೆಟ್ಟದ್ದು. ತೆನೆಯ ಕತ್ತು ಕಪ್ಪಗಾಗಿ, ಮೇಲಕ್ಕೆ ಆಹಾರ ಏರದೆ ಕಾಳು ಜೊಳ್ಳು. ಅಷ್ಟಾದ ಮೇಲೆ ಔಷಧಿ ಹೊಡೆದು ಫಲವಿಲ್ಲ. ಕಿಲೋ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಮ್ ಲೇಪಿಸಿ ಬಿತ್ತಬೇಕು, ಯೂರಿಯಾ ಕಂಡಾಬಟ್ಟೆ ಎರಚಬಾರದು. ಎಲ್ಲಕ್ಕಿಂತ ಅಗ್ಗದ ದಾರಿ, ಜಿಪಿಯು-28ರಂಥ ರೋಗ ತಡೆಯುವ ತಳಿ.

ಇದೇ ಶಿಲೀಂಧ್ರದ ಇನ್ನೊಂದು ಬಳಗ 1985ರಲ್ಲಿ ಬ್ರೆಜಿಲ್‌ನ ಗೋಧಿಗೆ ಬಿತ್ತು, 2016ರಲ್ಲಿ ಬಾಂಗ್ಲಾದೇಶಕ್ಕೂ ಬಂತು. ಧಾರವಾಡದ ಕಡೆ ಗೋಧಿಯ ಹಳೇ ಶತ್ರು ತುಕ್ಕು ರೋಗ. ಅದರ ಶಿಲೀಂಧ್ರವೇ ಬೇರೆ.